ಅಮ್ಮ ಇಟ್ಟ ಎಡೆ

ಒದ್ದೆ ಶೂಗಳ ವಾಸನೆ, ಅದರ ನಡುವೆ ಎಲ್ಲಿಂದಲೋ ತುಪ್ಪದ ಘಮ. ಇವೆರಡೂ ಒಟ್ಟಿಗೆ ಮೂಗಿಗೆ ಬಂದರೆ ಹ್ಯಾಮಿಲ್ಟನ್ನಿನ ನಮ್ಮ ಬಾಡಿಗೆ ಮನೆ ಕಣ್ಮುಂದೆ ಬರುತ್ತದೆ. ಈಗ ಅದನ್ನು ಕೆಡವಿ ಆ ಜಾಗದಲ್ಲಿ ಮೂರು ಮನೆ ಕಟ್ಟಿದ್ದಾರೆ. ಆ ಹಳೇ ಮನೆಯ ಬಣ್ಣ ಹಸಿರು ಎಂದು ನಾನು, ಬೂದು ಎಂದು ಅಪ್ಪ. ಉಳಿದಿರುವ ಒಂದೇ ಫೋಟೋದಲ್ಲಿ ಅದು ಬಿಳಿ. ಹಾಗಾಗಿ ನನ್ನನ್ನು ಪೂರ್ತಿ ನಂಬಬೇಡಿ. ನೀವು ಕಳೆದುಕೊಂಡ ಮನೆಯ ಬಣ್ಣವೂ ನಿಮಗೆ ಇಷ್ಟೇ ನೆನಪಿರಬಹುದು. ಅದು ಎರಡು ಸಾವಿರದ ನಾಲ್ಕೋ ಐದೋ, ನನಗೆ ಒಂಬತ್ತು ವರ್ಷ. ಅಪ್ಪ ಹಾಲಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಪಾಂಡವಪುರದಲ್ಲಿ ಟೀಚರಾಗಿದ್ದ ಅಮ್ಮನ ಬಿ.ಎಡ್.ಗೆ ಇಲ್ಲಿ ಬೆಲೆ ಇರಲಿಲ್ಲ. ಎರಡು ಕಾಲೇಜುಗಳು ಅವಳ ಅರ್ಜಿ ಹಿಂತಿರುಗಿಸಿದವು. ಮೂರನೆಯದು ವಾನಂಗ, ಬೇರೆಯವರ ಶಾಲೆಗಳಲ್ಲಿ ತಮ್ಮ ಮಕ್ಕಳು ಹೊರಗಿನವರಾಗಿಯೇ ಉಳಿದಾಗ ಆ ದೇಶದ ಮೂಲನಿವಾಸಿಗಳಾದ ಮಾವೋರಿ ಜನ ತಾವೇ ಕಟ್ಟಿಕೊಂಡ ಕಾಲೇಜು. ಅದು ಅಮ್ಮನನ್ನು ಸೇರಿಸಿಕೊಂಡಿತು. ಆ ಕೋರ್ಸ್ ಮುಗಿಸಿದರೆ ಅವಳು ಮತ್ತೆ ಮಕ್ಕಳಿಗೆ ಪಾಠ ಹೇಳಬಹುದಿತ್ತು.

ಹೊಸಬರನ್ನು ಬರಮಾಡಿಕೊಳ್ಳುವ ದಿನ ಅಪ್ಪನಿಗೆ ಶಿಫ್ಟ್ ಇದ್ದದ್ದರಿಂದ ಅಮ್ಮ ನನ್ನನ್ನೂ ಕರೆದುಕೊಂಡು ಹೋದಳು. ವಾನಂಗದ ಅಂಗಳದಲ್ಲಿ ಹಿರಿಯರ ಮನೆ ಎಂಬುದೊಂದಿತ್ತು. ಜಗಲಿಯಲ್ಲಿ ಎಲ್ಲರೂ ಶೂ ಬಿಟ್ಟದ್ದು ಕಂಡು ಅಮ್ಮನ ಮುಖ ಅರಳಿತು. ಒಳಗೆ ಗೋಡೆಯ ತುಂಬ ತೀರಿಕೊಂಡವರ ಫೋಟೋಗಳು. ಅಮ್ಮ ಬ್ಯಾಗಿನಿಂದ ಸ್ಟೀಲ್ ಡಬ್ಬಿ ತೆಗೆದು, ಮುಚ್ಚಳ ಬಿಚ್ಚಿ, ಬಿಸಿ ಸಜ್ಜಿಗೆಯನ್ನು ಆ ಫೋಟೋಗಳ ಕೆಳಗಿಟ್ಟು ಕೈಮುಗಿದಳು. ಇಡೀ ಸಭೆಯ ಕಣ್ಣು ಅಮ್ಮನ ಮೇಲೆ ನೆಟ್ಟಿತು ಎಂದು ನನ್ನ ನೆನಪು. ಪಕ್ಕದ ಇಬ್ಬರೇ ನೋಡಿದ್ದರೂ ಇರಬಹುದು. ತಿನ್ನುವ ಯಾವುದೂ ಆ ಹಿರಿಯರ ಮುಂದೆ ಬರಲೇಬಾರದು, ಊಟದ ಮನೆಯೇ ಬೇರೆ ಎಂದು ನಮಗೆ ಗೊತ್ತಿರಲಿಲ್ಲ. ಅಮ್ಮನಿಗೆ ಪಾಠ ಮಾಡಲಿದ್ದ ಮಾರಮಾ ಆಂಟಿ ಬಂದು, ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹೊರಗೆ ಒಯ್ದು, ಮರಳಿ ಬಂದು ಮೆಲ್ಲಗೆ ಒಂದು ಪ್ರಾರ್ಥನೆ ಹೇಳಿದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಅಮ್ಮ ತಡೆದುಕೊಳ್ಳುತ್ತಿದ್ದಳು.

“ನಾ ಇನ್ನು ಅಲ್ಲಿಗೆ ಹೋಗಲ್ಲ ಕಣ್ರೀ,” ಎಂದಳು ಅಪ್ಪನಿಗೆ. “ಅವರ ಹಿರೀಕರ ಮುಂದೆ ಮೈಲಿಗೆ ಮಾಡ್ಬಿಟ್ಟೆ.” ಗೊತ್ತಿಲ್ಲದೆ ಆದದ್ದು ಎಂದು ಅಪ್ಪ ಎಷ್ಟು ಹೇಳಿದರೂ ಕೇಳದೆ ಪುಸ್ತಕಗಳನ್ನು ಹಿಂತಿರುಗಿಸಲು ಕಟ್ಟಿಟ್ಟಳು. ನಾನು ಇಂಗ್ಲಿಷಿನಲ್ಲಿ ಏನೋ ಸಮಾಧಾನ ಹೇಳಿದೆ; ಪಕ್ಕದ ಮನೆಯ ಮಗುವನ್ನು ನೋಡುವಂತೆ ನೋಡಿದಳು. ಸೋಮವಾರ ಮಾರಮಾ ಆಂಟಿಯೇ ಬಂದರು. ತೊಳೆದ ಡಬ್ಬಿ ಖಾಲಿ ಇರಲಿಲ್ಲ, ತುಂಬ ಪುಟ್ಟ ಸೀಬೆಯಂಥ ಫೀಜೋವಾ ಹಣ್ಣು. ಅವರು ಮಾತಾಡಿದ್ದು ಇಂಗ್ಲಿಷಿನಲ್ಲಿ. ನನ್ನ ತಲೆ ಅದನ್ನು ಯಾವಾಗಲೋ ಕನ್ನಡ ಮಾಡಿಕೊಂಡಿದೆ. “ಆ ಮೂಲೆ ಫೋಟೋದಲ್ಲಿರೋದು ನಮ್ಮಜ್ಜ. ಬದುಕಿದ್ದಾಗ ಸಿಹಿ ಕಂಡ್ರೆ ಬಿಡ್ತಿರ್ಲಿಲ್ಲ. ಸತ್ತ ಮೇಲೆ ಪಥ್ಯ ಮಾಡ್ತಿದ್ದ, ನೀನು ಬಂದು ಕೆಡಿಸೋಕೆ ನೋಡಿದೆ.” ಅಮ್ಮ ನಕ್ಕಳು, ನಗುತ್ತಲೇ ಅತ್ತಳು. ಎಡೆ ಇಡುವುದನ್ನು ಯಾರು ಕಲಿಸಿದರು ಎಂದು ಅವರು ಕೇಳಿದರು. ಅಜ್ಜಿ, ಎಂದಳು ಅಮ್ಮ. “ಗುರುವಾರ ಬಾ. ಆ ಅಜ್ಜಿಯ ಬೆಟ್ಟ ಯಾವುದು, ನದಿ ಯಾವುದು, ಎದ್ದು ನಿಂತು ಹೇಳು. ನಮ್ಮಲ್ಲಿ ಪರಿಚಯ ಹೇಳ್ಕೊಳ್ಳೋದು ಹಾಗೇ, ನಿನ್ನ ಹೆಸರು ಕೊನೆಗೆ. ಹೇಳದೆ ಹೋದರೆ ನೀನು ಅತಿಥಿಯಾಗೇ ಉಳೀತೀಯ.” ಅವರು ಹೋದ ಮೇಲೆ ಅಪ್ಪ, “ಬೆಟ್ಟ ಏನು ಅಡ್ರೆಸ್ ಪ್ರೂಫಾ?” ಎಂದ. ಅಮ್ಮ ಪುಸ್ತಕದ ಕಟ್ಟು ಬಿಚ್ಚಿದಳು.

ಗುರುವಾರವೂ ನನ್ನನ್ನು ಕರೆದುಕೊಂಡು ಹೋದ ಅಮ್ಮ ಕ್ಲಾಸಿನಲ್ಲಿ ಚೀಟಿ ಹಿಡಿದು ಎದ್ದು ನಿಂತಳು. ಕುಂತಿಬೆಟ್ಟ ನನ್ನ ಬೆಟ್ಟ, ಲೋಕಪಾವನಿ ನನ್ನ ನದಿ ಎಂದು ಮಾವೋರಿಯಲ್ಲಿ ತಡವರಿಸಿ, ಅಜ್ಜಿಯ ಹೆಸರು ಹೇಳಿ, ಕೊನೆಗೆ ತನ್ನದನ್ನು ಹೇಳಿದಳು. ಮಾತಾಡಿದವರ ಕಡೆಯವರು ಎದ್ದು ನಿಂತು ಹಾಡುವುದು ಅಲ್ಲಿನ ಪದ್ಧತಿ. ಅಮ್ಮನ ಕಡೆಯವಳೆಂದು ಇದ್ದವಳು ನಾನೊಬ್ಬಳೇ, ನನಗೆ ಒಂದು ಕನ್ನಡ ಹಾಡೂ ಪೂರ್ತಿ ಬರುತ್ತಿರಲಿಲ್ಲ. ಆದರೂ ಎದ್ದೆ ಎಂದೇ ನನ್ನ ನೆನಪು. “ನೀನು ಕುರ್ಚಿ ಹಿಡ್ಕೊಂಡು ಕೂತಿದ್ದೆ ಕಣೇ,” ಎನ್ನುತ್ತಾಳೆ ಅಮ್ಮ. ಅಷ್ಟರಲ್ಲಿ ಹಿಂದೆ ಕುರ್ಚಿಗಳು ಸರಿದವು. ಮೊದಲು ಮಾರಮಾ ಆಂಟಿ, ಆಮೇಲೆ ಇಡೀ ಕ್ಲಾಸು ಅಮ್ಮನ ಬೆನ್ನಿಗೆ ಬಂದು ನಿಂತು ಹಾಡಿತು. ಮಾರಮಾ ಆಂಟಿ ಈಗಿಲ್ಲ. ಉಳಿದವರ ಹೆಸರುಗಳು ನನ್ನಿಂದ ಜಾರಿವೆ, ಹಾಡಿನ ಧಾಟಿಯಷ್ಟೇ ಉಳಿದಿದೆ. ಅಮ್ಮನ ಕೈಕೆಳಗೆ ಅಕ್ಷರ ಕಲಿತ ಹ್ಯಾಮಿಲ್ಟನ್ನಿನ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಹಾಡು ನಡೆಯುತ್ತಿದ್ದಾಗ ಅವಳು ಒಮ್ಮೆ ತಿರುಗಿ ನೋಡಿದಳು, ಮದುವೆಮನೆಯಲ್ಲಿ ತವರಿನವರು ಬಂದರೇ ಎಂದು ನೋಡುವ ಹಾಗೆ. ಬಂದಿದ್ದರು.