ಕಲ್ಯಾಣಮ್ಮನ ಕಾಲುಪೇಟಿ

ಲಿಂಗಸುಗೂರಿಗೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಾಳಿನ ವ್ಯಾಪಾರಿ ಕರಿಬಸಪ್ಪನವರ ಹಿತ್ತಲ ಕೋಣೆಯಲ್ಲಿ ಕಲ್ಯಾಣಮ್ಮ ಕಾಲುಪೇಟಿಯ, ಅಂದರೆ ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂನ, ಬಿಳಿ ಪಟ್ಟಿಗಳಿಗೆ ಅರಿಸಿನ, ಕುಂಕುಮದ ಬೊಟ್ಟು ಇಡುತ್ತಿದ್ದಾರೆ. ಕರಿ ಪಟ್ಟಿಗಳಿಗೆ ವಿಭೂತಿ. ಇಡುವಾಗಲೂ ಒಂದು ಕಣ್ಣು ಬಾಗಿಲ ಮೇಲೆ. ಪತ್ರಿಕೆಗೆ ಬರೆಯಲು ಬಂದವರನ್ನೂ ಎರಡೆರಡು ಸಲ ವಿಚಾರಿಸುತ್ತಾರೆ: ಯಾರು ಕಳಿಸಿದರು, ಬರೆದದ್ದನ್ನು ಯಾರಿಗೆ ತೋರಿಸುತ್ತೀರಿ? ಪಾಪ, ಕೇಳದೆ ಏನು ಮಾಡಿಯಾರು! ಐದು ವರ್ಷದಿಂದ ಊರು ಅವರನ್ನು ಓರೆಗಣ್ಣಿನಿಂದಲೇ ನೋಡುತ್ತಿದೆ.

ನಲವತ್ತೆಂಟರ ರಜಾಕಾರರ ಗದ್ದಲದ ಮರುವರ್ಷ ಅವರಿದ್ದ ನಾಟಕ ಕಂಪನಿ ಚದುರಿಹೋಯಿತು. ಸಾಮಾನಿನ ಬಂಡಿ ಮಸ್ಕಿ ಹಳ್ಳದಲ್ಲಿ ಮಗುಚಿ ಕಲ್ಯಾಣಮ್ಮನ ಬಲಗಾಲು ಮುರಿಯಿತು. ಕಂಪನಿಯ ಯಜಮಾನ ಪೇಟಿಯನ್ನು ಅವರಿಗೇ ಬಿಟ್ಟು ಹೊರಟುಹೋದ. ನಾಟಕದ ಹೆಂಗಸು, ಜೊತೆಗೆ ಗಂಡನಿಲ್ಲ, ಸೊಂಟದೆತ್ತರದ ಪೇಟಿ ಬೇರೆ. ಎಲ್ಲಿಂದ ಹೊಡೆದುಕೊಂಡು ಬಂದಳೋ ಎಂದು ಓಣಿ ಗುಸುಗುಸು ಮಾತಾಡಿತು.

ಈಗ ಹನ್ನೊಂದು ಮಕ್ಕಳು ಪಾಠಕ್ಕೆ ಬರುತ್ತವೆ, ಆರರಿಂದ ಒಂಬತ್ತು ವರ್ಷದವು. ಪೇಟಿಗೆ ಗಾಳಿ ತುಂಬಲು ಕೆಳಗಿನ ಹಲಗೆ ತುಳಿಯಬೇಕು. ಮಕ್ಕಳ ಕಾಲು ಎಟುಕುವುದಿಲ್ಲ, ಕಲ್ಯಾಣಮ್ಮನ ಕಾಲು ಮಾತು ಕೇಳುವುದಿಲ್ಲ. ಹೀಗಾಗಿ ಒಂದು ಮಗು ಅಡಿಗೆ ನುಸುಳಿ ಎರಡೂ ಕೈಯಿಂದ ಹಲಗೆ ಒತ್ತುತ್ತದೆ, ಇನ್ನೊಂದು ನುಡಿಸುತ್ತದೆ. ಕೆಳಗಿನದು ಬೇಕೆಂದೇ ಕೈಬಿಟ್ಟರೆ ಹಾಡು ಅರ್ಧಕ್ಕೆ ನಿಂತು ಕೋಣೆಯೆಲ್ಲ ನಗು. ಛಡಿ ಇಲ್ಲ, ಅಳು ಇಲ್ಲ. ಅಳದೆ ಬರುವ ವಿದ್ಯೆ ಎಂಥದ್ದು ಎಂಬುದೇ ಹಿರಿಯರ ಮೊದಲ ಅನುಮಾನ.

“ಸರಿಗಮ ಅಂದ್ರ ಓಡಿ ಹೋಗ್ತಾವ್ರೀ. ಕೆಂಪು ಒತ್ತು, ಹಳದಿ ಒತ್ತು ಅಂದ್ರ ನಾ ಮುಂದ, ನೀ ಮುಂದ ಅಂತಾವ,” ಎನ್ನುತ್ತಾರೆ ಕಲ್ಯಾಣಮ್ಮ.

ಆ ಬಣ್ಣವೇ ಹೋದ ಚಳಿಗಾಲದಲ್ಲಿ ಕುತ್ತಿಗೆಗೆ ಬಂತು. ಕರಿಬಸಪ್ಪನವರ ಹೆಂಡತಿ ಕಸ್ತೂರೆಮ್ಮ, ಮೊಮ್ಮಗಳು ಅಮರಮ್ಮನ ಬೆರಳ ತುದಿಯಲ್ಲಿ ಅರಿಸಿನ, ಕುಂಕುಮ, ಬೂದಿ ಮೂರನ್ನೂ ಕಂಡರು. ಹುಡುಗಿ ಊಟದ ತಾಟಿನ ಅಂಚಿನಲ್ಲೂ ಬೆರಳು ಕುಣಿಸುತ್ತಿದ್ದಳು. ಮಾಟವಲ್ಲದೆ ಇನ್ನೇನು? ಅಮಾವಾಸ್ಯೆಯೊಳಗೆ ಕೋಣೆ ಖಾಲಿಯಾಗಬೇಕೆಂದು ಕರಿಬಸಪ್ಪ ಹೇಳಿಕಳಿಸಿದರು. ಮಾಟದ ಹೆಸರು ಹೊತ್ತವರಿಗೆ ಊರಲ್ಲಿ ಬೇರೆ ಯಾರು ಜಾಗ ಕೊಟ್ಟಾರು? ಪಾಠ ಅಲ್ಲಿಗೆ ಮುಗಿದಂತೆಯೇ.

ಮರುದಿನ ಬೆಳಿಗ್ಗೆ ಕಸ್ತೂರೆಮ್ಮನೇ ಮೊಮ್ಮಗಳೊಡನೆ ಬಂದು ಬಾಗಿಲಲ್ಲಿ ನಿಂತರು. ಕಲ್ಯಾಣಮ್ಮ ವಾದಕ್ಕೆ ಇಳಿಯಲಿಲ್ಲ. ಒದ್ದೆ ಬಟ್ಟೆ ತೆಗೆದುಕೊಂಡು ಅಷ್ಟೂ ಬೊಟ್ಟು ಒರೆಸಿಹಾಕಿದರು.

“ನನ್ನ ಕುಂಕುಮದಾಗ ಮಾಟ ಐತಿ ಅಂದ್ರ, ನಿಮ್ಮ ದೇವರ ಜಗಲಿದು ತಂದು ನಿಮ್ಮ ಕೈಯಾರ ಹಚ್ಚ್ರಿ, ಅಮ್ಮಾರ.”

ಕಸ್ತೂರೆಮ್ಮ ಕುಂಕುಮದ ಜೊತೆಗೆ ವಿಭೂತಿಯನ್ನೂ ತಂದೇಬಿಟ್ಟರು. ಒಂದಕ್ಕೆ ಹಚ್ಚಿ ಇನ್ನೊಂದನ್ನು ಬರಿದಾಗಿ ಬಿಡುವುದು ಶಿವನಿಗೆ ಸರಿಬಂದೀತೇ? ಕರಿ ಬಿಳಿ ಎನ್ನದೆ ಎಲ್ಲ ಪಟ್ಟಿಗೂ ಮೂರು ಬೆರಳ ವಿಭೂತಿ ಎಳೆದರು. ಅಮರಮ್ಮ ಬಿದ್ದುಬಿದ್ದು ನಕ್ಕು, ಒಂದೊಂದನ್ನೇ ಒರೆಸಿ, ಯಾವುದು ಯಾವ ಸ್ವರ ಎಂದು ಅಜ್ಜಿಗೆ ಪಾಠ ಹೇಳಿದಳು. ಅಷ್ಟಕ್ಕೂ ಅಜ್ಜಿಯ ಮನಸ್ಸು ತಿಳಿಯಾಗಲಿಲ್ಲ. ಮಾಟ ಪೇಟಿಯ ಹೊಟ್ಟೆಯಲ್ಲಿದ್ದರೆ? ಸ್ಟೂಲಿನ ಮೇಲೆ ಕೂತು ಹಲಗೆಯನ್ನು ಮೆಲ್ಲಗೆ ತುಳಿದು ನೋಡಿದರು. ಗಾಳಿ ತುಂಬಿತು. ಅಮರಮ್ಮ ಪಕ್ಕದಲ್ಲಿ ನಿಂತು ನುಡಿಸಿದಳು; ಆ ಕೋಣೆಯಲ್ಲಿ ಮೊದಲ ಸಲ ಒಂದು ಹಾಡು ಎಲ್ಲೂ ತುಂಡಾಗದೆ ಕೊನೆಮುಟ್ಟಿತು.

ಅಮಾವಾಸ್ಯೆ ಬಂದು ಹೋಯಿತು. ಕೋಣೆ ಖಾಲಿ ಮಾಡುವ ಮಾತನ್ನು ಯಾರೂ ಎತ್ತಲಿಲ್ಲ. ಅಂದಿನಿಂದ ಕಸ್ತೂರೆಮ್ಮ ದಿನವೂ ವಿಭೂತಿಯ ಗಂಟಿನೊಡನೆ ಬರುತ್ತಾರೆ. ಮುಖ ಬಿಗಿದುಕೊಂಡೇ ಹಲಗೆ ತುಳಿಯುತ್ತಾರೆ, ಪಾಠ ಮುಗಿದ ಮೇಲೆ ಮೊಮ್ಮಗಳ ಹತ್ತೂ ಬೆರಳು ತಿರುಗಿಸಿ ನೋಡುತ್ತಾರೆ. ಕಾಯಲು ಬರುತ್ತೇನೆ, ಹಾಡಿಗಲ್ಲ ಎಂದು ಓಣಿಗೆಲ್ಲ ಹೇಳಿದ್ದಾರೆ.

ಅವರ ಅನುಮಾನ ಯಾವಾಗ ಹೋದೀತು ಎಂದು ಕೇಳಿದರೆ ಕಲ್ಯಾಣಮ್ಮ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ.

“ಹೋಗೋದು ಬ್ಯಾಡ್ರೀ. ಹೋದ್ರ ಪೇಟಿ ತುಳಿಯೋರು ಯಾರು?”