ಎಡಕ್ಕೆ ಹೋದ ನನ್ನ ರಕ್ತಕಣಗಳು

ನಾನು ಹೇಳುವುದನ್ನು ನೀವು ನಂಬುವುದಿಲ್ಲ, ಬೇಕಿದ್ದರೆ ಪಂದ್ಯ ಕಟ್ಟೋಣ. ನಂಬದಿರಲು ನಿಮಗೆ ಕಾರಣವೂ ಇದೆ. ರಾಜಾಜಿನಗರದ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು ನಾನು. ನನ್ನ ಕೈಯಲ್ಲಿ ಬೇಸ್ತು ಬೀಳದ ಮೇಸ್ತ್ರಿ ಅಲ್ಲಿ ಒಬ್ಬನೂ ಇರಲಿಲ್ಲ. ದೆವ್ವ, ಮಾಟ ಎಂದವರನ್ನೆಲ್ಲ ಗೇಲಿ ಮಾಡಿಕೊಂಡೇ ಅರವತ್ತೆಂಟು ವರ್ಷ ಕಳೆದೆ. ಹೋದ ವರ್ಷದ ಒಂದು ಬೆಳಿಗ್ಗೆಯವರೆಗೆ.

ತಂಗಿಯ ಮಗಳು ಶ್ರುತಿ ಜ್ಞಾನಭಾರತಿ ಹತ್ತಿರದ ಒಂದು ಲ್ಯಾಬಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳೆ. ಮೈಯಲ್ಲಿ ಎಲ್ಲಾದರೂ ಗಾಯವಾದರೆ ಅಲ್ಲಿಂದ ಕೀಮೋಕೈನ್ ಎಂಬ ಪ್ರೋಟೀನ್ ಹೊರಡುತ್ತದಂತೆ. ಅದು ಎಲ್ಲಿ ಹೆಚ್ಚಿದೆಯೋ ಅತ್ತ ಬಿಳಿ ರಕ್ತಕಣಗಳು ತೆವಳುತ್ತವಂತೆ, ಒಗ್ಗರಣೆ ವಾಸನೆ ಹಿಡಿದು ನಾನು ಅಡುಗೆಮನೆಗೆ ಹೋಗುವ ಹಾಗೆ. ಮುದುಕರ ಕಣಗಳಿಗೂ ಈ ದಾರಿ ತಿಳಿಯುತ್ತದೆ ಎಂಬುದು ಅವಳ ವಾದ. ಆದರೆ ಅದುವರೆಗೆ ರಕ್ತ ಕೊಟ್ಟ ಇಬ್ಬರು ಹಿರಿಯರ ಕಣಗಳು ದಿಕ್ಕೆಟ್ಟು ಅಲೆದಿದ್ದವು. ಮೂರನೆಯದೂ ಹಾಗೇ ಆದರೆ ವಿಷಯವನ್ನೇ ಬದಲಿಸು ಎಂದಿದ್ದರು ಅವಳ ಗೈಡ್. ನಾಲ್ಕು ವರ್ಷದ ಕೆಲಸ. ಮೂರನೆಯವನು ನಾನು.

ನನ್ನ ರಕ್ತ ತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿದ ಮೇಲೆ ಅವಳು ಎರಡು ಪುಟ್ಟ ಟ್ಯೂಬ್ ಮೇಜಿನ ಮೇಲೆ ಇಟ್ಟಳು. ಕೆಂಪು ಮುಚ್ಚಳದ್ದರಲ್ಲಿ ಕೀಮೋಕೈನ್, ನೀಲಿಯದರಲ್ಲಿ ಬರೀ ಉಪ್ಪುನೀರು.

"ಮಾವ, ಏನೂ ಮುಟ್ಟಬೇಡಿ. ಗ್ಲೌಸ್ ತಗೊಂಡ್ ಬರ್ತೀನಿ."

"ಮುಟ್ಟಲ್ಲ ಕಣೇ. ನಾನೇನು ಚಿಕ್ಕ ಮಗುನಾ?"

"ಚಿಕ್ಕ ಮಗು ಆಗಿದ್ರೆ ನಂಬ್ತಿದ್ದೆ."

ಅವಳು ಅತ್ತ ಹೋದಳು, ನಾನು ಇತ್ತ ಮುಚ್ಚಳಗಳನ್ನು ಅದಲುಬದಲು ಮಾಡಿದೆ. ಕಣಗಳು ತಪ್ಪು ಕಡೆ ಹೋಗುತ್ತವೆ, ಅವಳು ಗಾಬರಿ ಬೀಳುತ್ತಾಳೆ, ನಾನು ನಿಜ ಹೇಳುತ್ತೇನೆ, ಇಬ್ಬರೂ ನಗುತ್ತೇವೆ. ಅಷ್ಟೇ ನನ್ನ ಯೋಚನೆ.

ಕಣಗಳನ್ನು ಸ್ಲೈಡಿನ ನಡುವೆ ಬಿಟ್ಟಳು. ಕೆಂಪು ಮುಚ್ಚಳದ್ದನ್ನು, ಅಂದರೆ ಉಪ್ಪುನೀರನ್ನು, ಎಡಕ್ಕೆ ಹಾಕಿದಳು; ನೀಲಿಯದನ್ನು ಬಲಕ್ಕೆ. ನಾನು ಕಣ್ಣು ಮಿಟುಕಿಸದೆ ನೋಡುತ್ತಿದ್ದೆ. "ಎಡಕ್ಕೆ ಹೋಗ್ಬೇಕು, ನೋಡ್ತಿರಿ" ಅಂದಳು. ನಗು ತಡೆಯಲು ತುಟಿ ಕಚ್ಚಿಕೊಂಡು ಕೂತೆ.

ಮೈಕ್ರೋಸ್ಕೋಪ್ ಎಲ್ಲವನ್ನೂ ವಿಡಿಯೋ ಮಾಡಿಕೊಳ್ಳುತ್ತಿತ್ತು. ಹತ್ತು ನಿಮಿಷ ಅದರ ಪರದೆಯ ಮೇಲೆ ಅವು ಇದ್ದಲ್ಲೇ ಮಿಸುಕಾಡಿದವು. ಆಮೇಲೆ ಒಂದು ಮೂತಿ ಚಾಚಿತು. ಎಡಕ್ಕೆ. ಅದರ ಹಿಂದೆ ಇನ್ನೊಂದು, ಮತ್ತೆ ನಾಲ್ಕಾರು. ಅರ್ಧ ಗಂಟೆಯಲ್ಲಿ ಎಲ್ಲವೂ ಎಡ ಅಂಚಿಗೆ ಒತ್ತಿಕೊಂಡಿದ್ದವು. ಕೀಮೋಕೈನ್ ಇದ್ದ ಬಲಕ್ಕೆ ಒಂದೂ ತಿರುಗಲಿಲ್ಲ. ಶ್ರುತಿ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು, ಕಣ್ಣಲ್ಲಿ ನೀರು. "ನಿಮ್ದು ಹುಡುಗರ ರಕ್ತ, ಮಾವ." ನಾನು ಮೇಜಿನ ಮೇಲಿದ್ದ ಕೆಂಪು ಮುಚ್ಚಳವನ್ನೇ ನೋಡುತ್ತಿದ್ದೆ. ಜೀವಮಾನದಲ್ಲಿ ಯಾರ ಮಾತೂ ಕೇಳದವನ ರಕ್ತ, ಕರೆಯುವಂಥದ್ದು ಏನೂ ಇಲ್ಲದ ಕಡೆಗೆ, ಅವಳು ಬಾಯಲ್ಲಿ ಹೇಳಿದ ಕಡೆಗೆ ಹೋಗಿ ನಿಂತಿತ್ತು.

ವಾಪಸ್ ಬರುವಾಗ ಮೆಟ್ರೋದಲ್ಲಿ ಅವಳಿಗೆ ಎಲ್ಲ ಹೇಳಿದೆ. "ಹೋಗಿ ಮಾವ, ನಿಮ್ಮ ಆಟ ನಂಗೊತ್ತಿಲ್ವಾ?" ಎಂದು ನಕ್ಕುಬಿಟ್ಟಳು. ನಂಬಲೇ ಇಲ್ಲ.

ಮುಚ್ಚಳ ಬದಲಿಸಿದೆ ಎಂದು ನಾನೇ ಭ್ರಮಿಸಿದೆನೇ? ಕೆಂಪು ಮುಚ್ಚಳ ತಿರುಗಿಸುವಾಗ ಬಿಗಿಯಾಗಿತ್ತು, ಉಗುರು ನೊಂದಿತ್ತು, ಅದೂ ನೆನಪಿದೆ. ಅವಳೇ ಕಂಡುಹಿಡಿದು ಸರಿಮಾಡಿದಳೇ? ಹಾಗಿದ್ದರೆ ನನ್ನನ್ನು ಸುಮ್ಮನೆ ಬಿಡುತ್ತಿದ್ದಳೇ, ಇಡೀ ಬಳಗದ ಮುಂದೆ ಮರ್ಯಾದೆ ತೆಗೆಯುತ್ತಿದ್ದಳು. ಬೇರೆ ಕಾರಣ ನನಗೆ ಇವತ್ತಿಗೂ ಹೊಳೆದಿಲ್ಲ. ಆ ವಿಡಿಯೋದ ಮೇಲೆಯೇ ಅವಳ ಪ್ರಬಂಧ ನಿಂತಿದೆ. ಮುಂದಿನ ತಿಂಗಳು ಸಲ್ಲಿಸುತ್ತಾಳೆ.

ಇಷ್ಟೆಲ್ಲದರಲ್ಲಿ ಒಂದನ್ನು ಮಾತ್ರ ನಾನು ಕಟ್ಟಿ ಹೇಳಿದ್ದೇನೆ. ಮುಚ್ಚಳದ್ದಲ್ಲ, ಕಣಗಳದ್ದೂ ಅಲ್ಲ. ಮೆಟ್ರೋದಲ್ಲಿ ನಾನು ಅವಳಿಗೆ ಏನೂ ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ದೀಪಾಂಜಲಿ ನಗರ ಬರುವವರೆಗೂ ಅವಳು ಫೋನಿನಲ್ಲಿ ಆ ವಿಡಿಯೋ ತೋರಿಸುತ್ತಲೇ ಇದ್ದಳು, ನಾನು ನೋಡುತ್ತಲೇ ಇದ್ದೆ.