ಜವರಿ ತಂದ ಸಿಲೋನಿನ ರಾಜ

ಕೊಡಗಿನ ಬಾಳೆಲೆ ಊರಿನ ಕಡೆಯ ಕಾಫಿ ತೋಟದ ಕೂಲಿ ಲೈನಿನಲ್ಲಿ ಜವರಿಯನ್ನು ಎಲ್ಲರೂ ‘ಸಿಲೋನ್ ಜವರಿ’ ಎಂದೇ ಕರೆಯುತ್ತಿದ್ದರು. ಅವಳಪ್ಪ ಬಿಳಿ ದೊರೆಯೊಬ್ಬರ ಕುದುರೆ ನೋಡಿಕೊಳ್ಳಲು ಅವಳನ್ನೂ ಕಟ್ಟಿಕೊಂಡು ಸಿಲೋನಿಗೆ ಹೋಗಿದ್ದ. ಅಲ್ಲಿ ಕಾಫಿ ಗಿಡಕ್ಕೆ ರೋಗ ಬಿದ್ದು ದೊರೆ ಕೊಡಗಿಗೆ ಬಂದಾಗ ಅಪ್ಪನ ಜೊತೆ ಅವಳೂ ಬಂದಳು. ಬರುವಾಗ, ಅಲ್ಲಿನ ನೆರೆಮನೆಯ ಅಜ್ಜಿ ಹೇಳಿದ್ದ ರಾಜನ ಕಥೆಯೊಂದನ್ನು ತಂದಳು.

ಹಣ್ಣು ಕುಯ್ಯುವಾಗ ಹೆಂಗಸರು ಕೇಳಿದರೆ ಸಾಕು, ಶುರುಮಾಡುವಳು. ನೂರಾರು ವರ್ಷಗಳ ಹಿಂದೆ ಆ ದ್ವೀಪವನ್ನಾಳಿದ ರಾಜ. ಬುದ್ಧನೆಂದರೆ ಅವನಿಗೆ ಪ್ರಾಣ. ಬೆಳಗಾದರೆ ಗುಡಿಯ ಅಂಗಳವನ್ನು ತಾನೇ ಗುಡಿಸಿ, ಸನ್ಯಾಸಿಗಳಿಗೆ ಬಡಿಸಿ, ಆಮೇಲೆ ಉಣ್ಣುತ್ತಿದ್ದ. ಹುಣ್ಣಿಮೆಯ ದಿನ ಅವನ ರಾಜ್ಯದಲ್ಲಿ ಎತ್ತಿನ ಹೆಗಲಿಗೂ ನೊಗ ಏರುತ್ತಿರಲಿಲ್ಲ. ಊರೂರಿಗೆ ಕೆರೆ, ದನಕರುಗಳಿಗೂ ಔಷಧದ ಮನೆ.

ಒಂದು ಬೇಸಿಗೆಯಲ್ಲಿ ಗೋಣಿಕೊಪ್ಪಲಿಗೆ ಕಾಫಿ ಮೂಟೆ ಸಾಗಿಸುತ್ತಿದ್ದ ಗಾಡಿಯ ಜಯಪ್ಪ, ಹೆಗಲು ಹುಣ್ಣಾಗಿ ಹುಳ ಬಿದ್ದ ಮುದಿ ಎತ್ತೊಂದನ್ನು ತೋಟದ ಬೇಲಿಯ ಹತ್ತಿರ ಬಿಟ್ಟ. “ಇದು ಬದುಕಾಕಿಲ್ಲ. ಬೇಕಾದ್ರೆ ನೀವೇ ಮಡಿಕ್ಕಳಿ” ಎಂದು ಅಲ್ಲಿದ್ದ ಆಳುಗಳಿಗೆ ಹೇಳಿ ಹೊರಟೇಹೋದ.

ಜವರಿ ಅದನ್ನು ನಿಧಾನವಾಗಿ ನಡೆಸಿಕೊಂಡು ಲೈನಿಗೆ ತಂದಳು. ಗಂಡ ಬೀರ ಹಣೆ ಚಚ್ಚಿಕೊಂಡ.

“ನಮ್ಗೇ ಗಂಜಿಗಿಲ್ಲ. ನೀನೇನು ಸಿಲೋನ್ ರಾಜನ ಮಗ್ಳಾ?”

“ಅವ್ನ ರಾಜ್ಯದಲ್ಲಿ ಹುಟ್ಟಿದ್ರೆ ಇದ್ನ ನೋಡೋರು ಇರ್ತಿದ್ರು. ಇಲ್ಲಿ ಯಾರವ್ರೆ, ನೀನೇ ಹೇಳು.”

ಅವಳು ಬೇವಿನೆಣ್ಣೆ ಬಿಟ್ಟು ಹುಳ ತೆಗೆಯುವಾಗ ಎತ್ತು ಕೊಸರಾಡಿತು. ಬೀರ ಗೊಣಗುತ್ತಲೇ ಎದ್ದು ಬಂದು ಕೊಂಬು ಹಿಡಿದುಕೊಂಡ. ಮರುದಿನ ಹುಲ್ಲು ಹೊತ್ತು ತಂದವನೂ ಅವನೇ. ಮಳೆ ಹಿಡಿಯುವ ಹೊತ್ತಿಗೆ ಹುಣ್ಣು ಮಾಯ್ದು ಹೊಸ ಚರ್ಮ ಬಂತು. ಆ ಎತ್ತು ಸಾಯುವತನಕ ಅವರ ಜಗಲಿಯ ಪಕ್ಕದಲ್ಲೇ ಮೆಲುಕು ಹಾಕುತ್ತ ಮಲಗಿರುತ್ತಿತ್ತು.

ಒಂದು ಸಂಜೆ ಒಲೆಯ ಮುಂದೆ ಕೂತ ಬೀರ ಇದ್ದಕ್ಕಿದ್ದಂತೆ ಕೇಳಿದ: “ಅಲ್ಲಮ್ಮೀ, ಆ ರಾಜ ಕೊನೆಗೆ ಏನಾದ?”

ಇಷ್ಟು ವರ್ಷ ಯಾರೂ ಅದನ್ನು ಕೇಳಿರಲಿಲ್ಲ. ಜವರಿಗೆ ಅಜ್ಜಿಯ ಮುಖ ನೆನಪಾಯಿತು.

“ಗೊತ್ತಿಲ್ಲ ಕಣಯ್ಯ. ಅಜ್ಜಿ ಅಲ್ಲಿಗಂಟ ಹೇಳೋಕ್ಮುಂಚೆ ನಾವು ಹಡಗು ಹತ್ತುಬುಟ್ಟೊ.”

ಬೀರ ಕೆಂಡ ಕೆದಕಿದ.

“ಹಂಗಾರೆ ನಾವ್ಯಾಕೆ ಅವ್ನ ಸಾಯ್ಸೋದು? ಇನ್ನೂ ಆಳ್ಕಂಡಿರ್ಲಿ ಬುಡು.”

ಜವರಿ ನಕ್ಕುಬಿಟ್ಟಳು. ಮುಂದಿನ ಕುಯ್ಲಿನಿಂದ ಆ ರಾಜ ಇನ್ನೂ ಆಳುತ್ತಿದ್ದಾನೆಂದೇ ಕಥೆ ಹೇಳತೊಡಗಿದಳು. ಯಾರಾದರೂ ಅನುಮಾನಪಟ್ಟರೆ, “ನನ್ನ ಗಂಡನ್ನ ಕೇಳಿ” ಎನ್ನುತ್ತಿದ್ದಳು.